ಫೋನ್ ಎತ್ತುವ ಮನುಷ್ಯ ಬೇಕು ಎನ್ನುವುದು ಹಳೇ ಕಾಲದ ಮಾತಲ್ಲ

ಮೂಡಿಗೆರೆ ತಾಲ್ಲೂಕಿನ ಕಾಫಿ ಬೆಳೆಗಾರರೊಬ್ಬರು ಬರೆದ ಪತ್ರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರ ಉದ್ದವಿದೆ, ಮುಖ್ಯವಾದಷ್ಟು ಮಾತ್ರ ಇಲ್ಲಿ ಕೊಡುತ್ತಿದ್ದೇವೆ.

"ನಮ್ಮ ತಂದೆಯ ಕಾಲದಿಂದ ಒಂದೇ ಕಂಪನಿಯ ಸ್ಪ್ರೇಯರ್ ತೆಗೆದುಕೊಳ್ಳುತ್ತಾ ಬಂದಿದ್ದೇವೆ. ಈಗಿರುವುದು ಮೂರನೆಯದು. ನಮ್ಮನ್ನು ನೋಡಿ ಊರಿನ ಏಳೆಂಟು ಮನೆಯವರೂ ಅದನ್ನೇ ತಂದರು. ಮೇ ತಿಂಗಳಲ್ಲಿ ಕಾಫಿಗೆ ಬೋರ್ಡೋ ದ್ರಾವಣ ಹೊಡೆಯಲು ಹೊರಗೆ ತೆಗೆದರೆ ಪಂಪಿನಲ್ಲಿ ಪ್ರೆಶರ್ ಇಲ್ಲ. ಬಿಚ್ಚಿ ನೋಡಿದರೆ ಸೀಲ್ ಹೋಗಿದೆ. ಪೇಟೆಯ ಡೀಲರ್, ಈಗ ಬಿಡಿಭಾಗ ನಮಗೆ ಕಳಿಸುವುದಿಲ್ಲ, ಕಂಪನಿಗೇ ಕೇಳಿ ಎಂದರು. ಹಳೆಯ ನಂಬರಿಗೆ ಮಾಡಿದರೆ, ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಂ ಪೇಜಿಗೆ ಮೆಸೇಜ್ ಮಾಡಿ ಎಂದು ರೆಕಾರ್ಡ್ ಮಾಡಿದ ದನಿ. ಮಗಳ ಕೈಲಿ ಮೆಸೇಜ್ ಮಾಡಿಸಿದೆ. ಕಂಪನಿಯ ವೆಬ್‌ಸೈಟಿನ ಲಿಂಕ್ ಬಂತು. ಅಲ್ಲಿ 1,850 ರೂಪಾಯಿ ಕಟ್ಟಿದೆವು. ಮಾಲು ಇನ್ನೂ ಬಂದಿಲ್ಲ. ಪೇಜಿನಲ್ಲಿ ಕೇಳಿದರೆ ಹೃದಯದ ಗುರುತು ಹಾಕುತ್ತಾರೆ. ಅದೇ ಪೇಜಿನಲ್ಲಿ ದಿನಾ ಹೊಸ ವಿಡಿಯೊ, ಲಕ್ಕಿ ಡ್ರಾ. ನಾನು ಕಮೆಂಟ್ ಹಾಕಿದ ಮಾರನೆಯ ದಿನ ಕಂಪನಿಯ ಲೋಗೊ ಹಾಕಿಕೊಂಡ ಯಾರೋ ಕರೆ ಮಾಡಿ, ಈ ಆ್ಯಪ್ ಹಾಕಿಕೊಳ್ಳಿ, ದುಡ್ಡು ವಾಪಸ್ ಬರುತ್ತೆ ಎಂದರು. ಮಗಳು ತಡೆದಳು. ಬೆಳಿಗ್ಗೆ ಎದ್ದರೆ ಕಾಫಿ ರೇಟನ್ನು ಫೋನಿನಲ್ಲೇ ನೋಡುವವನು ನಾನು. ಆದರೂ ಕೇಳುತ್ತೇನೆ, ನಾನು ಹಳೇ ಕಾಲದವನಾಗಿಬಿಟ್ಟೆನೇ? ಇಷ್ಟು ವರ್ಷದ ಕಂಪನಿಯನ್ನು ಬಿಟ್ಟುಬಿಡಲೇ?"

ಸಂಪಾದಕರ ಉತ್ತರ

ನಮಸ್ಕಾರ. ಮೊದಲು ತೋಟದ ಮಾತು, ಆಮೇಲೆ ಕಂಪನಿಯ ಮಾತು.

ನಿಮ್ಮ ಕಡೆ ಮಳೆ ಹಿಡಿದರೆ ಬಿಡುವುದಿಲ್ಲ. ಕಾಫಿಗೆ ಕೊಳೆರೋಗ ಬಾರದಿರಲು ಮುಂಗಾರಿಗೆ ಮೊದಲು ಶೇಕಡಾ 1ರ ಬೋರ್ಡೋ ಬೀಳಲೇಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ. ಕಲಸಿದ ದಿನವೇ ಹೊಡೆದು ಮುಗಿಸಬೇಕು. ಅಂದರೆ ಆಳು, ಬಿಸಿಲು, ಮೆಷಿನ್ ಮೂರೂ ಒಂದೇ ದಿನ ಒದಗಬೇಕು. ಹಾಗಾಗಿ ಕಂಪನಿಯ ದಾರಿ ಕಾಯಬೇಡಿ. ನಿಮ್ಮನ್ನು ನೋಡಿಯೇ ಅದೇ ಮೆಷಿನ್ ತಂದ ಏಳೆಂಟು ಮನೆ ಇದೆ ಅಂತೀರಲ್ಲ, ಅವರಲ್ಲಿ ಯಾರ ಕೆಲಸ ಮುಗಿದಿದೆಯೋ ಅವರಿಂದ ಎರಡು ದಿನಕ್ಕೆ ಕೇಳಿ ತನ್ನಿ. ನೀವು ಕೇಳಿದರೆ ಇಲ್ಲ ಎನ್ನಲಾರರು.

ಪತ್ರದ ಜೊತೆ ಹಾಳಾದ ಸೀಲನ್ನೂ ಕವರಿನಲ್ಲಿ ಹಾಕಿ ಕಳಿಸಿದ್ದೀರಿ. ಕಪ್ಪು ರಬ್ಬರು, ಒಳಗಿನ ಅಂಚು ಒಂದು ಕಡೆ ಹರಿದಿದೆ, ತೋಡಿನಲ್ಲಿ ಮೈಲುತುತ್ತದ ನೀಲಿ ಕೂತಿದೆ. ಅದನ್ನು ಚಿಕ್ಕಮಗಳೂರಿನ ಒಬ್ಬ ಪಂಪ್ ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಬೆರಳಿಗೆ ಸಿಕ್ಕಿಸಿ ತಿರುಗಿಸಿ ನೋಡಿದರು. ಕೂಡಲೇ ಅಳತೆ ಹೇಳಿದರು. ಈ ಅಳತೆಯದು ಬೇರೆ ಪಂಪುಗಳಿಗೂ ಬರುತ್ತೆ, ಆದರೆ ಪಿಸ್ಟನ್ ಗೀರಿದ್ದರೆ ಹೊಸ ಸೀಲ್ ಹಾಕಿಯೂ ಉಪಯೋಗ ಇಲ್ಲ, ಪಂಪಿನ ಹೆಡ್ ಬಿಚ್ಚಿ ತಂದು ತೋರಿಸಲಿ ಎಂದರು. ಅವರ ಅಂಗಡಿಯ ವಿಳಾಸವನ್ನು ನಿಮಗೆ ಬೇರೆಯಾಗಿ ಕಳಿಸಿದ್ದೇನೆ.

ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣ ಇದೆ. ನಿಮಗೆ ಕಂಪನಿಯಿಂದ ಬೇಕಿದ್ದದ್ದೂ ಇಷ್ಟೇ ಅಲ್ವಾ? ಮೆಷಿನ್ ಗೊತ್ತಿರುವ ಒಬ್ಬ ಮನುಷ್ಯ. ಅವನು ನಿಮ್ಮ ಮಾತು ಕೇಳಬೇಕು, ಪಿಸ್ಟನ್ ಗೀರಿದೆಯಾ ಎಂದು ತಿರುಗಿ ಒಂದು ಪ್ರಶ್ನೆ ಕೇಳಬೇಕು. ಆ ಪ್ರಶ್ನೆ ಇಲ್ಲದೆ ಮಾಲು ಬಂದರೂ ನಿಮ್ಮ ಪಂಪ್ ಸರಿಯಾಗುತ್ತಿತ್ತು ಎಂದು ಹೇಳಲಾಗದು. ಪೇಜಿನಲ್ಲಿ ಕೂತು ಉತ್ತರ ಕೊಡುವ ಹುಡುಗನಿಗೆ ಇದು ಗೊತ್ತಿರುವುದಿಲ್ಲ. ಬಹಳ ಕಂಪನಿಗಳಲ್ಲಿ ಆ ಕೆಲಸವನ್ನು ಜಾಹೀರಾತು ನೋಡಿಕೊಳ್ಳುವವರಿಗೇ ವಹಿಸಿರುತ್ತಾರೆ. ಅವರ ಕೆಲಸವನ್ನು ಅಳೆಯುವುದು ಎಷ್ಟು ಜನ ನೋಡಿದರು, ಎಷ್ಟು ಲೈಕ್ ಬಂತು ಎಂಬುದರಿಂದ. ಎಷ್ಟು ಪಂಪ್ ಮತ್ತೆ ಓಡಿದವು ಎಂಬ ಲೆಕ್ಕ ಅಲ್ಲಿ ಇಲ್ಲ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಡೀಲರ್ ಕೈಯಿಂದ ಬಿಡಿಭಾಗ ಕಿತ್ತುಕೊಂಡು, ಫೋನ್ ಎತ್ತುವವರನ್ನು ತೆಗೆದು, ಎಲ್ಲವನ್ನೂ ಆ ಪೇಜಿನ ತಲೆಗೆ ಕಟ್ಟಿದವರ ಮೇಲೆ ಸಿಟ್ಟಿದೆ.

ಹಾಗಂತ ನಾನು ಸಾಮಾಜಿಕ ಜಾಲತಾಣದ ವಿರೋಧಿ ಅಲ್ಲ. ನೀವೂ ಅಲ್ಲ. ಸಕಲೇಶಪುರ, ಆಲೂರು ಕಡೆಯ ಆನೆ ವಿಷಯವನ್ನೇ ನೋಡಿ. ಆನೆ ಎಲ್ಲಿದೆ ಎಂಬ ಸುದ್ದಿ ಅಲ್ಲಿನ ಜನರಿಗೆ ವಾಟ್ಸಾಪಿನಲ್ಲಿ ಬರುತ್ತದೆ, ಬಹಳ ಉಪಕಾರವಾಗಿದೆ. ಆದರೆ ಅರಣ್ಯ ಇಲಾಖೆ ಅದೊಂದನ್ನೇ ನಂಬಿ ಕೂರಲಿಲ್ಲ. ಸಾಮಾನ್ಯ ಫೋನಿಗೂ ಮೆಸೇಜ್ ಹೋಗುತ್ತದೆ, ರಸ್ತೆ ಬದಿಯಲ್ಲಿ ಡಿಜಿಟಲ್ ಬೋರ್ಡ್ ಇದೆ, ಜೊತೆಗೆ ಆನೆ ಕಾರ್ಯಪಡೆಯ ಸಿಬ್ಬಂದಿ ಇದ್ದಾರೆ. ಸ್ಮಾರ್ಟ್‌ಫೋನ್ ಇಲ್ಲದ ಕೂಲಿಯಾಳಿಗೂ ಸುದ್ದಿ ಮುಟ್ಟಬೇಕು ಎಂದು ಯೋಚಿಸಿದಾಗ ಹೀಗೆ ನಾಲ್ಕು ದಾರಿ ತೆರೆದುಕೊಳ್ಳುತ್ತವೆ. ಖರ್ಚು ಎಷ್ಟು ಉಳಿಯುತ್ತೆ ಎಂದಷ್ಟೇ ಯೋಚಿಸಿದರೆ ಒಂದೇ ದಾರಿ ಉಳಿಯುತ್ತದೆ.

ಆ ಒಂದು ದಾರಿಯೂ ಕಂಪನಿಯದ್ದಲ್ಲ ಎಂಬುದು ನನ್ನ ದೊಡ್ಡ ತಕರಾರು. ನಿಮ್ಮ ಮತ್ತು ಕಂಪನಿಯ ನಡುವಿನ ಮಾತು ಈಗ ಮೂರನೆಯವರ ಅಂಗಳದಲ್ಲಿ ನಿಂತು ಆಡಬೇಕಾಗಿದೆ. ಅಂಗಳದ ಯಜಮಾನ ಗೇಟು ಯಾವಾಗ ಹಾಕುತ್ತಾನೆ, ಯಾರನ್ನು ಒಳಗೆ ಬಿಡುತ್ತಾನೆ ಎಂಬುದು ನಿಮಗೂ ಗೊತ್ತಿಲ್ಲ, ಕಂಪನಿಗೂ ಗೊತ್ತಿಲ್ಲ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಒಟ್ಟಿಗೆ ನಿಂತುಹೋದವು. ಸುಮಾರು ಆರು ಗಂಟೆ ಪ್ರಪಂಚದಲ್ಲಿ ಎಲ್ಲೂ ಓಡಲಿಲ್ಲ. ಮೂರೂ ಒಂದೇ ಯಜಮಾನನವು, ಒಂದು ಕಡೆ ಕೆಟ್ಟದ್ದಕ್ಕೆ ಮೂರೂ ಮಲಗಿದವು. ಅಲ್ಲಿ ಬಿಟ್ಟು ಬೇರೆ ಎಲ್ಲೂ ವಿಳಾಸ ಇಲ್ಲದ ಕಂಪನಿಗಳು ಅಷ್ಟು ಹೊತ್ತು ಗಿರಾಕಿಯ ಪಾಲಿಗೆ ಇರಲೇ ಇಲ್ಲ.

ಇನ್ನು, ನಾವು ಪೇಜಿನಲ್ಲಿ ಹಾಕಿದ್ದೆವಲ್ಲ, ನೋಡಲಿಲ್ಲವಾ ಎನ್ನುತ್ತಾರೆ. ಪೇಜನ್ನು ಫಾಲೋ ಮಾಡುವವರಿಗೆಲ್ಲ ಅಲ್ಲಿ ಹಾಕಿದ್ದೆಲ್ಲ ಕಾಣುವುದಿಲ್ಲ. ಯಾರಿಗೆ ಏನು ತೋರಿಸಬೇಕು ಎಂದು ಆ ಜಾಲತಾಣವೇ ಆರಿಸುತ್ತದೆ. 2018ರ ಜನವರಿಯಲ್ಲಿ ಫೇಸ್‌ಬುಕ್ ತಾನೇ ಪ್ರಕಟಿಸಿತು: ಸ್ನೇಹಿತರ, ಮನೆಯವರ ಪೋಸ್ಟುಗಳು ಮುಂದೆ ಬರುತ್ತವೆ, ವ್ಯಾಪಾರದ ಪೇಜುಗಳದು ಕಡಿಮೆ ಕಾಣುತ್ತದೆ. ಜಾಸ್ತಿ ಜನಕ್ಕೆ ಕಾಣಬೇಕಾದರೆ ಕಂಪನಿ ದುಡ್ಡು ಕೊಡಬೇಕು. ಲಕ್ಕಿ ಡ್ರಾಗೆ ದುಡ್ಡು ಕೊಡುತ್ತಾರೆ. ಬಿಡಿಭಾಗ ಇನ್ನು ಮುಂದೆ ಡೀಲರ್ ಹತ್ತಿರ ಸಿಗುವುದಿಲ್ಲ ಎಂಬ ಸುದ್ದಿಗೆ ಯಾರು ದುಡ್ಡು ಹಾಕುತ್ತಾರೆ? ಹಾಗಾಗಿ ಮೆಷಿನ್ ಬಿಚ್ಚಿದ ದಿನವೇ ನಿಮಗೆ ಅದು ಗೊತ್ತಾದದ್ದು. ಮಳೆಗಾಲದಲ್ಲಿ ಕೊಟ್ಟಿಗೆಹಾರದ ಕಡೆ ಕರೆಂಟು ಹೋಗಿ, ಟವರಿನ ಬ್ಯಾಟರಿ ಇಳಿದರೆ ಸಿಗ್ನಲ್ಲೇ ಇರುವುದಿಲ್ಲ ಎಂಬುದನ್ನು ಇದರ ಮೇಲೆ ಸೇರಿಸಿಕೊಳ್ಳಿ.

ನಿಮ್ಮ ಪತ್ರದಲ್ಲಿ ನನಗೆ ಬಹಳ ತಟ್ಟಿದ್ದು ಬೇರೆ. ನಿಮ್ಮ ಹಳೆಯ ಡೀಲರ್ ಬಗ್ಗೆ ಒಂದು ಪುಟ ಬರೆದಿದ್ದೀರಿ. ಅವರ ಹತ್ತಿರ ಉದ್ದನೆಯ ಒಂದು ರೂಲ್ಡ್ ಪುಸ್ತಕ ಇತ್ತು. ಎಸ್ಟೇಟಿನ ಹೆಸರು, ಎಂಜಿನ್ ನಂಬರು, ತಗೊಂಡ ತಿಂಗಳು, ಯಾವಾಗ ಯಾವ ಭಾಗ ಬದಲಾಯಿತು, ಎಲ್ಲ ಬರೆದಿಡುತ್ತಿದ್ದರು. ಏಪ್ರಿಲ್ ಬಂದರೆ ಅವರೇ ಫೋನ್ ಮಾಡಿ, ಹೋದ ವರ್ಷ ಸೀಲ್ ಹಾಕಿಲ್ಲ, ಈ ಸಲ ನೋಡಿಕೊಳ್ಳಿ ಎನ್ನುತ್ತಿದ್ದರು. ನೀವು ಮೂರು ಮೆಷಿನ್ ಒಂದೇ ಕಂಪನಿಯದ್ದು ತಂದದ್ದು ಆ ಫೋನಿನ ಋಣಕ್ಕೆ. ಕಂಪನಿಯವರು ಅದನ್ನು ತಮ್ಮ ಬ್ರ್ಯಾಂಡಿನ ಹೆಸರಿಗೆ ಸಿಕ್ಕ ನಂಬಿಕೆ ಎಂದುಕೊಂಡಿದ್ದಾರೆ. ಪೇಜಿನಲ್ಲಿ ಆ ಪುಸ್ತಕ ಇಲ್ಲ. ನಿಮ್ಮ ತಂದೆಯ ಕಾಲದ ಲೆಕ್ಕ ಅಲ್ಲಿ ಯಾರಿಗೂ ಕಾಣದು. ನಿನ್ನೆ ಬಂದವನೂ ನೀವೂ ಒಂದೇ. ಒಂದೇ ಆಗಿದ್ದರೂ ಪರವಾಗಿರಲಿಲ್ಲ. ಲಕ್ಷ ಜನ ಫಾಲೋ ಮಾಡುವವನು ಒಂದು ವಿಡಿಯೊ ಮಾಡಿ ಬೈದರೆ ಅವನಿಗೆ ಅವತ್ತೇ ಉತ್ತರ ಹೋಗುತ್ತದೆ. ಮರ್ಯಾದೆಯಿಂದ ಕೇಳುವ ನಿಮಗೆ ಹೃದಯದ ಗುರುತು. ಜೋರಾಗಿ ಕೂಗಿದವರಿಗೆ ಮೊದಲು ಎಂಬ ಈ ಪದ್ಧತಿ ಒಳ್ಳೆಯ ಗಿರಾಕಿಗಳನ್ನೂ ಕೂಗುವವರನ್ನಾಗಿ ಮಾಡುತ್ತಿದೆ. ಹತ್ತು ಜನರ ಎದುರು ಕಂಪನಿಯನ್ನು ಬೈಯಲು ನನಗೆ ನಾಚಿಕೆಯಾಯಿತು ಎಂದು ಬರೆದಿದ್ದೀರಿ. ಆ ಸಂಕೋಚ ಇರುವವರೇ ಕಂಪನಿಗೆ ದೊಡ್ಡ ಆಸ್ತಿ ಆಗಿದ್ದವರು.

ಆ ಆ್ಯಪ್ ಹಾಕಿಸಲು ಬಂದ ಕರೆಯ ಬಗ್ಗೆ ಎಲ್ಲ ಓದುಗರೂ ಗಮನ ಕೊಡಬೇಕು. ಎಲ್ಲರಿಗೂ ಕಾಣುವ ಹಾಗೆ ದೂರು ಬರೆದಾಗ ಅದನ್ನು ಕಂಪನಿಗಿಂತ ಮೊದಲು ಮೋಸಗಾರರು ಓದುತ್ತಾರೆ. ಲೋಗೊ ಕದಿಯುವುದು ಅವರಿಗೆ ಕಷ್ಟವಲ್ಲ. ಅವರು ಹಾಕಿಸುವ ಆ್ಯಪ್‌ನಿಂದ ನಿಮ್ಮ ಫೋನಿನ ಪರದೆ ಅವರಿಗೆ ಕಾಣುತ್ತದೆ, ಒಟಿಪಿ ಕೂಡ. ಕಮೆಂಟಿನಲ್ಲಿ ಫೋನ್ ನಂಬರು, ಆರ್ಡರ್ ನಂಬರು ಯಾವತ್ತೂ ಹಾಕಬೇಡಿ. ಅಕಸ್ಮಾತ್ ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ದುಡ್ಡನ್ನು ಬ್ಯಾಂಕಿನಲ್ಲೇ ತಡೆಯುವ ಅವಕಾಶ ಜಾಸ್ತಿ. ನಿಮ್ಮ ಮಗಳಿಗೆ ನನ್ನ ಪರವಾಗಿ ಶಹಬ್ಬಾಸ್ ಹೇಳಿ.

ಈಗ 1,850 ರೂಪಾಯಿಯ ವಿಷಯ. ಅದನ್ನು ಸುಮ್ನೆ ಬಿಡಬೇಡಿ. ಮೊತ್ತ ಸಣ್ಣದು ಎಂದು ಬಿಟ್ಟವರ ದುಡ್ಡಿನಲ್ಲೇ ಈ ಅಭ್ಯಾಸ ಬೆಳೆದಿದೆ. ಕಂಪನಿಯ ವೆಬ್‌ಸೈಟಿನಲ್ಲಿ ನೀವು ದುಡ್ಡು ಕಟ್ಟಿದ್ದರಿಂದ 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳು ಅವರಿಗೆ ಅನ್ವಯಿಸುತ್ತವೆ. ಅದರ ಪ್ರಕಾರ ದೂರು ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು, ಸಂಪರ್ಕ ವಿವರವನ್ನು ವೆಬ್‌ಸೈಟಿನಲ್ಲಿ ಹಾಕಿರಬೇಕು. ದೂರು ಬಂದ 48 ಗಂಟೆಯೊಳಗೆ ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಹೃದಯದ ಗುರುತು ಇದ್ಯಾವುದೂ ಆಗುವುದಿಲ್ಲ. ಮಗಳ ಹತ್ತಿರ ಆ ಅಧಿಕಾರಿಯ ವಿವರ ಹುಡುಕಿಸಿ. ಸಿಗದಿದ್ದರೆ ಮೆಷಿನ್ ಬಂದ ಪೆಟ್ಟಿಗೆ ಅಟ್ಟದ ಮೇಲೆ ಇದೆಯಾ ನೋಡಿ. ಪ್ಯಾಕ್ ಮಾಡಿ ಮಾರುವ ವಸ್ತುವಿನ ಮೇಲೆ ಗ್ರಾಹಕರು ದೂರು ಹೇಳಲು ಯಾರನ್ನು ಸಂಪರ್ಕಿಸಬೇಕು, ಅವರ ವಿಳಾಸ, ಫೋನ್ ನಂಬರು ಇರಲೇಬೇಕು ಎಂದು 2011ರ ಪ್ಯಾಕೇಜ್ ವಸ್ತುಗಳ ನಿಯಮ ಹೇಳುತ್ತದೆ. ಪೇಜಿನ ಹೆಸರು ಅಚ್ಚು ಹಾಕಿದರೆ ಸಾಲದು.

ಆ ವಿಳಾಸಕ್ಕೆ ಕನ್ನಡದಲ್ಲೇ ಒಂದು ಪುಟದ ಪತ್ರ ಬರೆಯಿರಿ. ದುಡ್ಡು ಕಟ್ಟಿದ ತಾರೀಖು, ರಸೀದಿ, ಮಾಡೆಲ್ ನಂಬರು, ಮೆಸೇಜುಗಳ ಸ್ಕ್ರೀನ್‌ಶಾಟಿನ ಪ್ರಿಂಟ್ ಇಡಿ. ಮಾಲು ಬೇಕೋ ದುಡ್ಡು ಬೇಕೋ, ಯಾವ ದಿನದೊಳಗೆ ಬೇಕು, ಸ್ಪಷ್ಟವಾಗಿ ಹೇಳಿ. ಸಿಟ್ಟಿನ ಮಾತು ಬೇಡ, ನಿಮಗೆ ಅದು ಬರುವುದೂ ಇಲ್ಲ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ಚೀಟಿ ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲಿ ಮಾತನಾಡಬಹುದು. ಅವರು ದೂರನ್ನು ಕಂಪನಿಗೆ ಕಳಿಸುತ್ತಾರೆ. ಬಹಳ ಪ್ರಕರಣ ಅಲ್ಲೇ ಮುಗಿಯುತ್ತವೆ.

ಅದಕ್ಕೂ ಬಗ್ಗದಿದ್ದರೆ ಚಿಕ್ಕಮಗಳೂರಿನಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕಂಪನಿ ಯಾವ ಊರಿನದ್ದೇ ಆಗಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಗ್ರಾಹಕ ರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಆಯೋಗದ ಶುಲ್ಕ ಇಲ್ಲ. ವಕೀಲರು ಇರಲೇಬೇಕೆಂದೂ ಇಲ್ಲ. ಎರಡು ವರ್ಷದೊಳಗೆ ಹೋಗಬೇಕು, ಅಷ್ಟೆ.

ಕಂಪನಿ ಬಿಡಲೇ ಎಂದು ಕೇಳಿದ್ದೀರಿ. ಮೆಷಿನ್ ಚೆನ್ನಾಗಿದೆ ಎಂದು ನೀವೇ ಹೇಳುತ್ತೀರಿ, ಸೀಲಿಗಾಗಿ ಅದನ್ನು ಗುಜರಿಗೆ ಹಾಕಬೇಡಿ. ರಿಪೇರಿ ಮಾಡಿಸಿ ಓಡಿಸಿ. ಆದರೆ ನಾಲ್ಕನೆಯದನ್ನು ತರುವ ದಿನ ಬಂದಾಗ ಹಳೆಯ ಅಭಿಮಾನಕ್ಕೆ ಕೊಳ್ಳಬೇಡಿ. ಅಂಗಡಿಯಲ್ಲಿ ದುಡ್ಡು ಎಣಿಸುವ ಮೊದಲು, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿ. ಅವರು ಕೊಟ್ಟ ನಂಬರಿಗೆ ಅಲ್ಲೇ ನಿಂತು ಕರೆ ಮಾಡಿ. ಮನುಷ್ಯರು ಎತ್ತಿದರೆ ಮಾತ್ರ ತಗೊಳ್ಳಿ. ಊರಿನ ಏಳೆಂಟು ಮನೆಯವರಿಗೂ ಹೀಗೇ ಮಾಡಲು ಹೇಳಿ. ನಿಮ್ಮ ಮಾತಿನ ಮೇಲೆ ಕೊಂಡವರು ಅವರು, ನಿಮ್ಮ ಮಾತಿನ ಮೇಲೆ ಬಿಡಲೂ ಬಲ್ಲರು. ಇದು ಕಂಪನಿಗೆ ಬೇಗ ಅರ್ಥವಾಗುತ್ತದೆ.

ನಿಮ್ಮ ಒಪ್ಪಿಗೆ ಇರುವುದರಿಂದ ಪತ್ರದ ಪ್ರತಿಯನ್ನು, ನನ್ನ ಒಂದು ಪತ್ರದ ಜೊತೆ, ಕಂಪನಿಯ ಮುಖ್ಯ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಡೀಲರ್‌ಗಳಿಗೆ ಬಿಡಿಭಾಗ ಮತ್ತೆ ಕೊಡುತ್ತೀರಾ, ಫೋನಿಗೆ ಮನುಷ್ಯರನ್ನು ಕೂರಿಸುತ್ತೀರಾ ಎಂದು ಎರಡೇ ಪ್ರಶ್ನೆ ಕೇಳಿದ್ದೇನೆ. ಉತ್ತರ ಬಂದರೆ ಒಂದು ಸಾಲೂ ಬಿಡದೆ ಅಚ್ಚು ಹಾಕುತ್ತೇವೆ. ಇದೇ ತೊಂದರೆ ಆದ ಬೇರೆ ಬೆಳೆಗಾರರು ಪತ್ರ ಬರೆಯಿರಿ, ಅಥವಾ ಕಚೇರಿಯ ಹೊತ್ತಿನಲ್ಲಿ ಫೋನ್ ಮಾಡಿ. ನಂಬರು ಎರಡನೆಯ ಪುಟದಲ್ಲಿದೆ.