ಸಂಪಾದಕರ ಉತ್ತರ: ಕೀಲಿಕೈ ಇರುವ ಕಿಟಕಿಗಳು

ಮೈಸೂರಿನ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು: 'ಇಟಲಿಯ ಫ್ಲಾರೆನ್ಸಿನ ಮೆಡಿಚಿ ಮನೆ ಕಟ್ಟಿದಾಗ ಹೇಗಿತ್ತೋ ಇವತ್ತೂ ಹಾಗೇ ಇದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ಹೋಗಿ ನೋಡಿ ಬಂದೆ. ಬೀದಿ ಕಡೆಯ ಗೋಡೆಯಲ್ಲಿ ಸುಮಾರು ಭಾಗ ಆಮೇಲೆ ಸೇರಿಸಿದ್ದಂತೆ. ಆ ಬಾಲಂಗೋಚಿಯನ್ನು ತೆಗೆದು ಮೂಲ ಮನೆ ಉಳಿಸಿಕೊಳ್ಳುವುದೇ ಸಂರಕ್ಷಣೆ ಅಲ್ವಾ?'

ತಪ್ಪು ನಮ್ಮದೇ, ಒಪ್ಪಿಕೊಂಡೆವು. 'ಹಾಗೇ ಇದೆ' ಅನ್ನುವುದು ಬರೆಯುವ ಭರದಲ್ಲಿ ಸುಮ್ನೆ ಬಂದುಬಿಟ್ಟ ಮಾತು. ಆದರೆ ಕೆಡವುವ ಮಾತಿಗೆ ಮಾತ್ರ ನಮ್ಮ ತಕರಾರಿದೆ.

ಫ್ಲಾರೆನ್ಸಿನ ಸಿರಿವಂತ ಬ್ಯಾಂಕರ್ ಕೊಸಿಮೊ ಮೆಡಿಚಿಗಾಗಿ ವಾಸ್ತುಶಿಲ್ಪಿ ಮಿಕೆಲೊಝೊ ಈ ಮನೆ ಶುರು ಮಾಡಿದ್ದು 1444ರಲ್ಲಿ. ಆಗ ಬೀದಿ ಕಡೆ ಹತ್ತು ಕಿಟಕಿಗಳ ಸಾಲು. 1659ರಲ್ಲಿ ರಿಕ್ಕಾರ್ಡಿ ಮನೆತನದವರು ಕೊಂಡರು. ಆಮೇಲೆ ಇನ್ನೂ ಏಳು ಕಿಟಕಿಯಷ್ಟು ಉದ್ದಕ್ಕೆ ಬೆಳೆಸಿದರು. ಅದು ಬರೋಕ್ ಕಾಲ, ಅಂದರೆ ಅದ್ದೂರಿ ಅಲಂಕಾರದ ಶೈಲಿ ಮೆರೆದ ಕಾಲ. ಕೈಯಲ್ಲಿ ದುಡ್ಡಿತ್ತು, ಹೊಸ ಫ್ಯಾಷನ್ನಿನ ಗೋಡೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಇನ್ನೂರು ವರ್ಷ ಹಳೆಯ ಗೋಡೆಯ ನಡೆಯನ್ನೇ ಹಿಡಿದರು. ಕೆಳಗೆ ಉಬ್ಬುಬ್ಬಾದ ಒರಟು ಕಲ್ಲು, ನಡುವಿನ ಅಂತಸ್ತಿನಲ್ಲಿ ಸಂದು ಕಾಣುವ ಚಪ್ಪಟೆ ಕಲ್ಲು, ಮೇಲಿನದರಲ್ಲಿ ಪೂರಾ ನುಣುಪು. ಕಣ್ಣು ಮೇಲೇರಿದಂತೆ ಗೋಡೆ ಹಗುರಾಗುತ್ತದೆ. ಬುಡದಲ್ಲಿ ನಮ್ಮ ಜಗುಲಿಯಂಥದೇ ಒಂದು ಕಲ್ಲಿನ ಕಟ್ಟೆ.

ಹಾಗಾದರೆ ಹಳತು ಯಾವುದು, ಹೊಸತು ಯಾವುದು? ಜೋಡಿ ಕಮಾನಿನ ಕಿಟಕಿಗಳನ್ನು ನೋಡಿ. ಹಳೆ ಭಾಗದಲ್ಲಿ ಮೆಡಿಚಿ ಮನೆತನದ ಲಾಂಛನವಾದ ಚೆಂಡಿನಂಥ ಗುಂಡುಗಳ ಕೆತ್ತನೆ ಇದೆ. ಸೇರಿಸಿದ ಭಾಗದಲ್ಲಿ ರಿಕ್ಕಾರ್ಡಿಯವರ ಲಾಂಛನವಾದ ಕೀಲಿಕೈ. ಇಷ್ಟು ಮರ್ಯಾದಸ್ಥ ನಕಲು ನಾವಂತೂ ಬೇರೆ ಕಂಡಿಲ್ಲ. ಪಕ್ಕದವನ ಕೈಬರಹದಲ್ಲೇ ಬರೆದು, ಕೊನೆಗೆ ತನ್ನ ಸಹಿ ಹಾಕಿದ ಹಾಗೆ.

ಇನ್ನು, ಮೂಲ ಅಂದರೆ ಯಾವ ವರ್ಷದ್ದು? ಮೂಲೆಯಲ್ಲಿ ಬೀದಿಗೆ ತೆರೆದಿದ್ದ ಪಡಸಾಲೆಯನ್ನು 1517ರ ಹೊತ್ತಿಗೆ ಮುಚ್ಚಿಸಿದವರು ಸ್ವತಃ ಮೆಡಿಚಿಯವರು. ಅಲ್ಲಿ ಕೂರಿಸಿದ ಕಿಟಕಿಗಳು ಮೈಕೆಲಾಂಜೆಲೊ ವಿನ್ಯಾಸ ಎನ್ನುತ್ತಾರೆ. ಅವನ್ನೂ ಕೀಳೋಣವೇ? ರಿಕ್ಕಾರ್ಡಿ ಭಾಗವನ್ನು ಕೆಡವಿದರೆ ಅದರೊಳಗಿನ ದೊಡ್ಡ ಗ್ಯಾಲರಿಯೂ ಹೋಯಿತು, ಲೂಕಾ ಜೋರ್ಡಾನೊ 1680ರ ದಶಕದಲ್ಲಿ ಅದರ ಚಾವಣಿಗೆ ಬರೆದ ಚಿತ್ರವೂ ಹೋಯಿತು.

ಹಾಗಂತ ರಿಕ್ಕಾರ್ಡಿಯವರು ಮಾಡಿದ್ದೆಲ್ಲ ಸರಿ ಅಂತ ನಾವು ವಕಾಲತ್ತು ಹಾಕುತ್ತಿಲ್ಲ. ಮೇಲಿನ ಪುಟ್ಟ ಪ್ರಾರ್ಥನಾ ಕೋಣೆಗೆ ನೀವು ಹೋಗಿರಬೇಕು. ಶಿಶು ಯೇಸುವನ್ನು ಕಾಣಲು ಹೊರಟ ಮೂವರು ರಾಜರ ಮೆರವಣಿಗೆಯನ್ನು ಬೆನೊಝೊ ಗೊಝೊಲಿ 1459ರಲ್ಲಿ ಅಲ್ಲಿ ಗೋಡೆ ತುಂಬ ಬರೆದ. ರಿಕ್ಕಾರ್ಡಿಯವರಿಗೆ ಹೊಸ ಮೆಟ್ಟಿಲು ಬೇಕಾಯಿತು. ಅದಕ್ಕೆ ಕೋಣೆಯ ಒಂದು ಮೂಲೆಯನ್ನು ಒಳಕ್ಕೆ ಸರಿಸಿದರು. ಚಿತ್ರವಿದ್ದ ಗೋಡೆಯನ್ನು ಕತ್ತರಿಸಿ ಮತ್ತೆ ಕೂರಿಸಿದರು. ಒಬ್ಬ ರಾಜನ ಕುದುರೆ ನಡುವೆ ತುಂಡಾಯಿತು. ಇವತ್ತಿಗೂ ಅದರ ಒಂದು ತುಂಡು ಒಂದು ಗೋಡೆಯಲ್ಲಿ, ಇನ್ನೊಂದು ತುಂಡು ಪಕ್ಕದ ಗೋಡೆಯಲ್ಲಿ.

ನಿಮ್ಮ ಸಿಟ್ಟಿಗೆ ನ್ಯಾಯವಾದ ಜಾಗ ಅದು. ಬೀದಿಯ ಗೋಡೆಯಲ್ಲ.