ಚಲೋ ಅನ್ನೋದಕ್ಕೆ ಅಳತೆ ಏನು?

ಶಿರಸಿಯ ಓದುಗ ಮಿತ್ರರೇ, ನಮಸ್ಕಾರ.

ಹೋದ ಸಂಚಿಕೆಯಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿ (ಕೂರುವ ಮಣೆಗೆ ಕತ್ತಿ ಜೋಡಿಸಿದ್ದು) ಬಗ್ಗೆ ಬರೆದಾಗ ‘ಇದು ಚಲೋ ಡಿಸೈನು’ ಎಂದಿದ್ದೆವು. ನಿಮ್ಮ ತಕರಾರು ಇಷ್ಟು: ಅಳೆದು ತೋರಿಸಬಹುದಾದದ್ದು ಮಾತ್ರ ವಸ್ತುನಿಷ್ಠ, ಉಳಿದದ್ದೆಲ್ಲ ಅವರವರ ಅಭಿಪ್ರಾಯ, ಅದನ್ನು ಯಾಕೆ ಅಚ್ಚು ಹಾಕುತ್ತೀರಿ? ಪ್ರಶ್ನೆ ಖಡಕ್ ಆಗಿದೆ. ಅರ್ಧ ಒಪ್ಪುತ್ತೇನೆ.

ಅಳೆಯೋಣ. ತಾಸಿಗೆ ಎಷ್ಟು ಅಡಿಕೆ ಸುಲಿದರು, ಎಷ್ಟಕ್ಕೆ ಕತ್ತಿ ತಾಗಿ ಗಾಯವಾಯಿತು, ಮಣೆ ಎಷ್ಟು ಎತ್ತರ, ಎಲ್ಲ ಲೆಕ್ಕಕ್ಕೆ ಸಿಗುತ್ತದೆ. ಆದರೆ ಯಾವ ಲೆಕ್ಕ ಮುಖ್ಯ? ತೋಟದ ಯಜಮಾನರಿಗೆ ಅಡಿಕೆ ಗಾಯ ಆಗಬಾರದು. ಸುಲಿದಷ್ಟಕ್ಕೆ ಕೂಲಿ ತಗೊಳ್ಳುವವರಿಗೆ ಕೈ ಓಡಬೇಕು. ರಾತ್ರಿ ಹನ್ನೊಂದರವರೆಗೆ ಕೂತು ಎದ್ದ ಅಜ್ಜಿಗೆ ಸೊಂಟದ್ದೇ ಚಿಂತೆ. ಇವರಲ್ಲಿ ಯಾರ ಮಾತು ಮೊದಲು ಅಂತ ಟೇಪು ಹೇಳುವುದಿಲ್ಲ. ಡಿಸೈನನ್ನೂ ವಿಜ್ಞಾನದ ಶಿಸ್ತಿಗೆ ತರಬಹುದು ಅಂತ 1969ರಲ್ಲೇ ವಾದಿಸಿದ ಅಮೆರಿಕದ ವಿದ್ವಾಂಸ ಹರ್ಬರ್ಟ್ ಸೈಮನ್ ಕೂಡ, ಇರುವ ಸ್ಥಿತಿಯನ್ನು ನಮಗೆ ಬೇಕಾದ ಸ್ಥಿತಿಗೆ ತರುವ ದಾರಿ ಹುಡುಕುವುದೇ ಡಿಸೈನು ಎಂದರು. ಬೇಕಾದದ್ದು ಯಾರಿಗೆ? ಅಲ್ಲೇ ಮನುಷ್ಯ ಒಳಗೆ ಬಂದ ನೋಡಿ.

ಹಾಗಂತ ‘ಎಲ್ಲ ಅವರವರ ರುಚಿ’ ಅಂತ ಕೈ ತೊಳೆದುಕೊಳ್ಳೋದೂ ಸೋಮಾರಿತನವೇ. (ನಮ್ಮ ಕಚೇರಿಯಲ್ಲೂ ಈ ರೋಗ ಇದೆ.) ಅಜ್ಜಿಯ ಸೊಂಟನೋವು ಅಜ್ಜಿಗೆ ಮಾತ್ರ ಗೊತ್ತು, ಆದರೆ ಸುಳ್ಳಲ್ಲ. ಕೇಳಬಹುದು, ಮಣೆಯನ್ನು ಎರಡು ಬೆರಳು ಎತ್ತರಿಸಿ ಮತ್ತೆ ಕೇಳಬಹುದು, ಪಕ್ಕದವರನ್ನೂ ಕೂರಿಸಿ ನೋಡಬಹುದು. ಅಮೆರಿಕದ ಡಿಸೈನರ್ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ನಮ್ಮ ತಂಬಿಗೆಯನ್ನು ಹೀಗೇ ನೋಡಿದ್ದರು. ಎಷ್ಟು ನೀರು ಹಿಡಿಯಬೇಕು, ಹೊರುವುದು ತಲೆ ಮೇಲೋ ಸೊಂಟದ ಮೇಲೋ ಅನ್ನುವ ಸಾಲಿನಲ್ಲೇ, ಕಣ್ಣು ಮುಚ್ಚಿ ಮುಟ್ಟಿದರೆ ಹೇಗಿರುತ್ತದೆ, ಇನ್ನೊಂದು ಪಾತ್ರೆಗೆ ತಾಗಿದರೆ ಎಂಥ ಸದ್ದು ಅನ್ನುವುದನ್ನೂ ಸೇರಿಸಿದರು.

ಇನ್ನು ಅಳತೆಯ ಮೇಲೆ ನಿಮಗಿರುವ ನಂಬಿಕೆ. ಅಮೆರಿಕದ ವಾಯುಪಡೆ 1950ರಲ್ಲಿ 4063 ಪೈಲಟ್‌ಗಳ ಮೈ ಅಳತೆ ತೆಗೆಸಿತು, ಸರಾಸರಿಗೆ ಸರಿಯಾಗಿ ಕಾಕ್‌ಪಿಟ್ ಮಾಡಿದರೆ ಹೆಚ್ಚಿನವರಿಗೆ ಹೊಂದುತ್ತದೆ ಅನ್ನುವ ಲೆಕ್ಕಾಚಾರ. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವಕ ಅದರಲ್ಲಿ 10 ಅಳತೆ ಆರಿಸಿ ತಾಳೆ ನೋಡಿದರೆ, ಹತ್ತರಲ್ಲೂ ಸರಾಸರಿಯ ಆಸುಪಾಸಿಗೆ ಬರುವ ಪೈಲಟ್ ಒಬ್ಬನೂ ಇಲ್ಲ! ಆಮೇಲೆ ಸೀಟನ್ನೇ ಬೇಕಾದಂತೆ ಸರಿಸಿಕೊಳ್ಳುವ ಹಾಗೆ ಮಾಡಿದರು. ಅಳೆಯದೆ ಇದು ಗೊತ್ತಾಗುತ್ತಿರಲಿಲ್ಲ, ಅದನ್ನು ಒಪ್ಪುತ್ತೇನೆ.

ನಾವು ಮೆಟ್ಟುಗತ್ತಿಯನ್ನು ಚಲೋ ಎಂದದ್ದು ಸುಲಿಯುವವರ ಕಡೆಯಿಂದ ನೋಡಿ. ಕೂತವರ ಭಾರವೇ ಮಣೆಯನ್ನು ಒತ್ತಿ ಹಿಡಿಯುತ್ತದೆ, ಕತ್ತಿ ಅಲ್ಲಾಡುವುದಿಲ್ಲ, ಅಡಿಕೆಗೆ ಎರಡೂ ಕೈ ಸಿಗುತ್ತವೆ. ಇದು ಸುಮ್ನೆ ಹೊಗಳಿಕೆಯಲ್ಲ, ತಪ್ಪಾಗಿದ್ದರೆ ನೀವು ತೋರಿಸಬಹುದು. ಮನೆಗೆ ಸುಲಿಯುವ ಯಂತ್ರ ತಂದಿದ್ದೀರಿ ಅಂತ ಬರೆದಿದ್ದೀರಲ್ಲ, ಅದರ ಮುಂದೆ ಕೆಲಸ ಮಾಡುವವರು ಏನು ಹೇಳುತ್ತಾರೆ? ಕೇಳಿ ಬರೆಯಿರಿ, ಹಾಕೋಣ.

— ಸಂ.