ಇಳಕಲ್ ಬಟ್ಟೆ, ಮಂಜಿಷ್ಠದ ಕೆಂಪು, ಲಂಡನ್ನಿನ ಗಡಸು ನೀರು

ಡಿಸೈನ್ ಓದೋಕೆ ಲಂಡನ್ನಿಗೆ ಬರ್ತಿದ್ದೀರಿ. ಇಳಕಲ್, ಕಸೂತಿ, ಊರಿನ ಬಣ್ಣಗಳನ್ನೇ ಹಿಡಿದು ಉಡುಪು ಮಾಡಬೇಕು, ಏನು ತರಲಿ, ಇಲ್ಲಿಯ ನೀರಿಗೆ ಬಣ್ಣ ಹತ್ತುತ್ತಾ ಅಂತ ಕೇಳಿದ್ದೀರಿ. ಬಣ್ಣದ ಪುಡಿ ಇಲ್ಲೇ ಸಿಗುತ್ತೆ, ಸೂಟ್‌ಕೇಸಿನ ಜಾಗ ಬಟ್ಟೆಗೆ ಇಡಿ.

ನೀರಿನ ವಿಷಯ ಮೊದಲು. ಲಂಡನ್ನಿನ ನಲ್ಲಿ ನೀರು ಗಡಸು, ಕೆಟಲ್ಲಿನ ತಳದಲ್ಲಿ ಬಿಳಿ ಪದರ ಕಟ್ಟೋದನ್ನ ನೋಡಿದರೆ ಗೊತ್ತಾಗುತ್ತೆ. ಆ ಸುಣ್ಣ, ಬಟ್ಟೆಗೆ ಬಣ್ಣ ಹಿಡಿಸೋಕೆ ಹಾಕೋ ಪಟಿಕದ (ಆಲಂ) ನೀರನ್ನ ಕದಡಿಸುತ್ತೆ, ಬಣ್ಣ ತೇಪೆ ತೇಪೆಯಾಗಿ ಕೂರುತ್ತೆ. ಮಂಜಿಷ್ಠದ ಬೇರಿನಿಂದ ಬರೋ ಕೆಂಪಿಗೆ ಮಾತ್ರ ಅದೇ ಸುಣ್ಣ ಒಳ್ಳೇದು. ಹಾಗಾಗಿ ಪಟಿಕಕ್ಕೆ ಮಳೆನೀರು, ಮಂಜಿಷ್ಠಕ್ಕೆ ನಲ್ಲಿ ನೀರು.

100 ಗ್ರಾಂ ಒಣ ಹತ್ತಿ ಬಟ್ಟೆಯ ಲೆಕ್ಕ ಹೇಳ್ತೀನಿ. 2 ಗ್ರಾಂ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಿ, ಗಂಜಿ ಪೂರ್ತಿ ಹೋಗಬೇಕು. 20 ಗ್ರಾಂ ಅಳಲೆಕಾಯಿ ಪುಡಿಯ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಹಿಂಡಿ, 15 ಗ್ರಾಂ ಪಟಿಕಕ್ಕೆ ಅದೇ ವಾಷಿಂಗ್ ಸೋಡಾ 2 ಗ್ರಾಂ ಸೇರಿಸಿದ ಬಿಸಿ ನೀರಿನಲ್ಲಿ ಇನ್ನೊಂದು ರಾತ್ರಿ. ಆಮೇಲೆ 60 ಗ್ರಾಂ ಮಂಜಿಷ್ಠ, ನಿಧಾನವಾಗಿ ಬಿಸಿ ಏರಿಸಿ 70 ಡಿಗ್ರಿ ದಾಟದಂತೆ ಒಂದು ಗಂಟೆ. ಕುದಿಸಿದರೆ ಕೆಂಪು ಕಂದಿ ಇಟ್ಟಿಗೆ ಬಣ್ಣಕ್ಕೆ ತಿರುಗೋ ಭಯ ಇದೆ. ಪಾತ್ರೆ ಸ್ಟೀಲಿನದೇ ಇರಲಿ. ಅಳಲೆಕಾಯಿಗೆ ಕಬ್ಬಿಣ ತಾಗಿದರೆ ಬಟ್ಟೆ ಕಪ್ಪಿಡುತ್ತೆ. ಚಂದ್ರಕಾಳಿ ಸೀರೆಯಂಥ ಕಪ್ಪು ಬೇಕಿದ್ದರೆ ಅದನ್ನೇ ಬೇಕಂತ ಮಾಡಿ: 100 ಗ್ರಾಂ ಬಟ್ಟೆಗೆ 2ರಿಂದ 4 ಗ್ರಾಂ ಹಸಿರು ಕಾಸೀಸ (ಅನ್ನಭೇದಿ, ಕಬ್ಬಿಣದ ಉಪ್ಪು), ಅದಕ್ಕಿಂತ ಹೆಚ್ಚಾದರೆ ನೂಲು ಪುಡಿಯಾಗುತ್ತೆ. ಅರಿಶಿನದ ಆಸೆ ಬಿಡಿ. ಬಿಸಿಲಿಗೆ ನಿಲ್ಲದ ಬಣ್ಣ ಅದು.

ಇನ್ನು ಇಳಕಲ್. ಸೀರೆಯ ಮೈಯ ಹತ್ತಿ ಹಾಸು (ಉದ್ದದ ಎಳೆಗಳು), ಸೆರಗಿನ ರೇಷ್ಮೆ ಹಾಸು ಒಂದಕ್ಕೊಂದು ಕೊಂಡಿ ಹಾಕಿ ಸೇರೋ ಕಡೆ ಇದೆಯಲ್ಲ, ಅದೇ ಈ ಸೀರೆಯ ಜಾಣ್ಮೆ, ಅದೇ ಅದರ ಸೂಕ್ಷ್ಮ ಜಾಗ. ಆ ಗೆರೆಯನ್ನ ಕಂಕುಳಿಗೋ ಸೊಂಟಕ್ಕೋ ತಂದಿರೋ, ಎಳೆತಕ್ಕೆ ಕೊಂಡಿ ಸರಿಯುತ್ತೆ. ಬೆನ್ನಿನ ಮೇಲ್ಭಾಗ ಅಥವಾ ಲಂಗದ ಕೆಳ ಅಂಚಿಗೆ ಬರುವಂತೆ ಕತ್ತರಿಸಿ. ಕತ್ತರಿ ಹಾಕುವ ಮುಂಚೆ ಗೆರೆಯ ಎರಡೂ ಬದಿಗೆ ಮಿಷನ್ ಹೊಲಿಗೆ ಓಡಿಸಿ, ಹಿಂದೆ ತೆಳು ಮಲ್ ಬಟ್ಟೆ ಕೊಡಿ. ಹತ್ತಿ, ರೇಷ್ಮೆ ಒಂದೇ ಅಳತೆಗೆ ಕುಗ್ಗೋದಿಲ್ಲ, ಅದಕ್ಕೇ ಮೊದಲೇ ನೆನೆಸಿ ಒಣಗಿಸಿರಬೇಕು.

ಕಸೂತಿಯನ್ನ ಪ್ರಿಂಟ್ ಹೊಡೆಸೋದು ನನಗೆ ಹಿಡಿಸದ ಕೆಲಸ. ಕಸೂತಿಯ ಗವಂತಿ ಅನ್ನೋ ಹೊಲಿಗೆಯಲ್ಲಿ ಹೋಗುವಾಗ ಬಿಟ್ಟ ಜಾಗವನ್ನ ಬರುವಾಗ ತುಂಬ್ತೀವಿ, ಎರಡೂ ಮಗ್ಗುಲು ಒಂದೇ ಆಗಿ ಕಾಣೋದು ಅದರಿಂದ. ಗಂಟು ಹಾಕೋ ಹಾಗಿಲ್ಲ. ಎರಡು ಇಂಚು ದಾರ ಬಿಟ್ಟು ಕೊನೆಗೆ ಹೊಲಿಗೆಯೊಳಗೆ ನುಸುಳಿಸಿ. ಸೂಜಿಯ ತುದಿ ಮೊಂಡಿರಲಿ, ಚೂಪಾದರೆ ವಾಪಸ್ ಬರುವಾಗ ಮೊದಲ ದಾರವನ್ನೇ ಸೀಳಿ ಗೆರೆ ಜುಂಗಾಗುತ್ತೆ.

ಮಾರೋದಾದರೆ ಇಲ್ಲಿ ಲೇಬಲ್ ಮೇಲೆ ಯಾವ ನೂಲು ಶೇಕಡ ಎಷ್ಟು ಅಂತ ಇಂಗ್ಲಿಷಿನಲ್ಲಿ ಬರೀಲೇಬೇಕು. ಸೆರಗು ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಆಗಿದ್ದರೆ ರೇಷ್ಮೆ ಅಂತ ಬರೆಯೋ ಹಾಗಿಲ್ಲ. ಒಂದೆಳೆ ಸುಟ್ಟು ನೋಡಿ: ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ, ಕಾಗದದ ವಾಸನೆ ಬಂದರೆ ಅಲ್ಲ.